ಗೋಡೆ ನೋಡಿ ಟಿವಿ ಕೊಳ್ಳಬೇಡಿ

ಟಿವಿ ಕೊಳ್ಳಲು ಹೊರಟವರಿಗೆ ಈಗ ನಾಲ್ಕೂ ದಿಕ್ಕಿನಿಂದ ಒಂದೇ ಉಪದೇಶ: ಗೋಡೆಗೆ ಹಿಡಿಸುವಷ್ಟು, ಜೇಬಿಗೆ ನಿಲುಕುವಷ್ಟು ದೊಡ್ಡದನ್ನೇ ತನ್ನಿ. ಅಂಗಡಿಯ ಹುಡುಗ ಹೇಳುವುದೂ ಇದನ್ನೇ, ಯೂಟ್ಯೂಬಿನಲ್ಲಿ ವಿಮರ್ಶೆ ಮಾಡುವವರು ಹೇಳುವುದೂ ಇದನ್ನೇ, ಹೋದ ವರ್ಷ 55 ಇಂಚಿನದನ್ನು ತಂದ ಭಾವ ಹೇಳುವುದೂ ಇದನ್ನೇ. ‘ಸಣ್ಣದು ತಂದು ಕೈ ಕೈ ಹಿಸುಕಿಕೊಂಡವರಿದ್ದಾರೆ, ದೊಡ್ಡದು ತಂದು ಬೇಜಾರು ಮಾಡಿಕೊಂಡವರು ಒಬ್ಬರೂ ಇಲ್ಲ’ ಎಂಬ ಮಾತು ಗಾದೆಯಷ್ಟು ಸಲೀಸಾಗಿ ಓಡಾಡುತ್ತಿದೆ. ಈ ಮಾತು ತಪ್ಪು. ಇದನ್ನು ನಂಬಿದ ಮನೆಗಳು ಸಾವಿರಾರು ರೂಪಾಯಿ ಹೆಚ್ಚಿಗೆ ತೆತ್ತು, ಹಳೆಯ ಟಿವಿಯಲ್ಲಿ ಕಾಣುತ್ತಿದ್ದುದಕ್ಕಿಂತ ಕೆಟ್ಟ ಚಿತ್ರವನ್ನು ದಿನಾ ಸಂಜೆ ನೋಡುತ್ತಿವೆ.

ಪರದೆಯ ಅಳತೆಯನ್ನು ತೀರ್ಮಾನಿಸುವ ಹಕ್ಕಿರುವುದು ಎರಡಕ್ಕೆ ಮಾತ್ರ. ಒಂದು, ಕೂತವರ ಕಣ್ಣಿನಿಂದ ಪರದೆಗಿರುವ ದೂರ. ಇನ್ನೊಂದು, ಆ ಪರದೆಗೆ ಬಂದು ಬೀಳುವ ಚಿತ್ರದ ಗುಣ. ಗೋಡೆಯ ಅಗಲಕ್ಕೂ ಹಬ್ಬದ ಆಫರಿಗೂ ಇದರಲ್ಲಿ ಏನೂ ಕೆಲಸವಿಲ್ಲ. ಸಣ್ಣ ಟಿವಿಯೇ ಶ್ರೇಷ್ಠ ಎಂದು ನಾನು ವಾದಿಸುತ್ತಿಲ್ಲ. ಒಂಬತ್ತು ಅಡಿ ದೂರದಲ್ಲಿ ಕೂತು 32 ಇಂಚಿನ ಪರದೆಯಲ್ಲಿ ಎಚ್‌ಡಿ ಚಿತ್ರ ನೋಡುವವರೂ ಕೊಟ್ಟ ಹಣಕ್ಕೆ ಸಿಗಬೇಕಾದದ್ದನ್ನು ಕಳೆದುಕೊಳ್ಳುತ್ತಾರೆ. ನನ್ನ ತಕರಾರು ಲೆಕ್ಕವನ್ನೇ ಮಾಡದೆ ಉತ್ತರ ಹೇಳಿಬಿಡುವವರ ಮೇಲೆ.

ಈ ಉಪದೇಶ ಎಲ್ಲಿಂದ ಬಂತೆಂದು ತಿಳಿಯುವುದು ಕಷ್ಟವಲ್ಲ. ದೊಡ್ಡ ಪರದೆಗಳ ತಯಾರಿಕೆ ವರ್ಷದಿಂದ ವರ್ಷಕ್ಕೆ ಅಗ್ಗವಾಯಿತು. ಜೊತೆಗೆ ತೆರಿಗೆಯೂ ದಾರಿ ಬಿಟ್ಟಿತು. 2019ರ ಜನವರಿಯಿಂದ 32 ಇಂಚಿನವರೆಗಿನ ಟಿವಿಗೆ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 28ರಷ್ಟು ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಂದು ಆ ಭೇದ ಹೋಗಿ ಎಲ್ಲದಕ್ಕೂ ಶೇ 18 ಆಯಿತು. ಅಂದೇ ನವರಾತ್ರಿಯ ಮೊದಲ ದಿನ. ಹಬ್ಬ, ತೆರಿಗೆ ಇಳಿಕೆ, ಇಎಂಐ, ಎಕ್ಸ್‌ಚೇಂಜ್ ಎಲ್ಲವೂ ಒಟ್ಟಿಗೆ ಬಂದರೆ ಅಂಗಡಿಯವರು ದೊಡ್ಡ ಪೆಟ್ಟಿಗೆಯನ್ನೇ ಮುಂದೆ ತಳ್ಳುತ್ತಾರೆ. ಅದು ಅವರ ವ್ಯಾಪಾರ, ತಪ್ಪಿಲ್ಲ. ಆದರೆ ವ್ಯಾಪಾರದ ಮಾತನ್ನು ನೋಟದ ಶಾಸ್ತ್ರವೆಂದು ನಂಬುವುದು ನಮ್ಮ ತಪ್ಪು. ಬೆಲೆ ಇಳಿಯಿತೆಂದು ನಮ್ಮ ಹಾಲಿನ ಉದ್ದ ಒಂದು ಅಂಗುಲವೂ ಹೆಚ್ಚಲಿಲ್ಲ, ಕೇಬಲ್ಲಿನಲ್ಲಿ ಬರುವ ಚಿತ್ರ ಒಂದು ಗೆರೆಯಷ್ಟೂ ಸ್ಪಷ್ಟವಾಗಲಿಲ್ಲ.

ನೋಟಕ್ಕೆ ತನ್ನದೇ ಲೆಕ್ಕವಿದೆ. ಅದು ಹೊಸದೂ ಅಲ್ಲ, ಗುಟ್ಟೂ ಅಲ್ಲ. ಕಣ್ಣಿನ ಡಾಕ್ಟರು 6/6 ಎಂದು ಬರೆಯುವ ಆರೋಗ್ಯವಂತ ಕಣ್ಣು, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಟಿವಿ ಚಿತ್ರ ಅಡ್ಡಗೆರೆಗಳಿಂದ ಆದದ್ದು. ಮಾಮೂಲಿ ಎಸ್‌ಡಿ ಚಿತ್ರದಲ್ಲಿ 576 ಗೆರೆ, ಪೂರ್ಣ ಎಚ್‌ಡಿಯಲ್ಲಿ 1080, ಫೋರ್‌ಕೆಯಲ್ಲಿ 2160. ಆ ಗೆರೆಗಳು ಬಿಡಿಬಿಡಿಯಾಗಿ ಕಾಣದೆ ಚಿತ್ರ ಒಂದಾಗಿ ಕೂಡಿಕೊಳ್ಳಬೇಕಾದರೆ ಎಷ್ಟು ದೂರ ಬೇಕು? ಪರದೆಯ ಎತ್ತರವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಉತ್ತರ ಸರಳ: ಎಸ್‌ಡಿಗೆ ಎತ್ತರದ ಸುಮಾರು ಆರು ಪಟ್ಟು, ಎಚ್‌ಡಿಗೆ ಮೂರು ಪಟ್ಟು, ಫೋರ್‌ಕೆಗೆ ಒಂದೂವರೆ ಪಟ್ಟು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಬಳಿಕ ಎಚ್‌ಡಿ ಟಿವಿಯ ಸಂಶೋಧನೆಗೆ ಕೈಹಾಕಿತು. ಆ ಪ್ರಯತ್ನ ಬೆಳೆದದ್ದು ನೋಡುಗರು ಪರದೆಯ ಎತ್ತರದ ಮೂರು ಪಟ್ಟು ದೂರದಲ್ಲಿ ಕೂರುತ್ತಾರೆಂಬ ಲೆಕ್ಕದ ಮೇಲೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸುಗಳಲ್ಲೂ ಇದೇ ಅನುಪಾತ ಕಾಣುತ್ತದೆ. ಅಂದರೆ ಗೆರೆಗಳನ್ನು ಹೆಚ್ಚಿಸಿದ ತಂತ್ರಜ್ಞರೇ ದೂರದ ಪ್ರಶ್ನೆಯನ್ನು ಮೊದಲು ಕೇಳಿಕೊಂಡಿದ್ದರು. ನಾವು ಮಾತ್ರ ಅದನ್ನು ಬಿಟ್ಟು ಇಂಚನ್ನಷ್ಟೇ ಹಿಡಿದುಕೊಂಡೆವು.

ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ನಮ್ಮ ದೇಶದಲ್ಲಿ ಟಿವಿ ಪೆಟ್ಟಿಗೆಯ ಮೇಲೆ ಇಂಚಿನ ಜೊತೆ ಸೆಂಟಿಮೀಟರೂ ಇರುತ್ತದೆ: 43 ಇಂಚಿಗೆ 108, 55 ಇಂಚಿಗೆ 139, 65 ಇಂಚಿಗೆ 164. ಇದು ಪರದೆಯ ಮೂಲೆಯಿಂದ ಮೂಲೆಗಿರುವ ಅಳತೆ. ಈಗಿನ ಅಗಲ ಪರದೆಗಳಲ್ಲಿ ಎತ್ತರವೆಂದರೆ ಹೆಚ್ಚುಕಡಿಮೆ ಇದರ ಅರ್ಧ. ಹಾಗಾಗಿ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಮೂರರಿಂದ ಗುಣಿಸಿದರೆ ಎಸ್‌ಡಿ ವಾಹಿನಿ ನೋಡಲು ಬೇಕಾದ ದೂರ, ಒಂದೂವರೆಯಿಂದ ಗುಣಿಸಿದರೆ ಎಚ್‌ಡಿಯ ದೂರ, ಮುಕ್ಕಾಲರಿಂದ ಗುಣಿಸಿದರೆ ಫೋರ್‌ಕೆಯ ದೂರ ಸಿಗುತ್ತದೆ. 65 ಇಂಚಿನ ಪರದೆಯಲ್ಲಿ ಎಸ್‌ಡಿ ವಾಹಿನಿ ಚೆನ್ನಾಗಿ ಕಾಣಬೇಕಾದರೆ ಹದಿನಾರು ಅಡಿ ಹಿಂದೆ ಕೂರಬೇಕು. 55ಕ್ಕೆ ಹದಿಮೂರೂವರೆ ಅಡಿ. 43ಕ್ಕೆ ಹತ್ತೂವರೆ ಅಡಿ.

ಈಗ ನಮ್ಮ ಮನೆಗಳಿಗೆ ಬನ್ನಿ. ಬೆಂಗಳೂರಿನ 30–40 ಸೈಟಿನಲ್ಲಿ ಸುತ್ತ ಜಾಗ ಬಿಟ್ಟು, ಗೋಡೆ ಎಬ್ಬಿಸಿ, ಮೆಟ್ಟಿಲು ಹಾಕಿ ಉಳಿದದ್ದರಲ್ಲಿ ಹಾಲ್ ಎಷ್ಟಾಗುತ್ತದೆ? ಎರಡು ಬೆಡ್‌ರೂಮಿನ ಫ್ಲಾಟಿನ ಹಾಲ್ ಎಷ್ಟಿರುತ್ತದೆ? ಟಿವಿ ಗೋಡೆಯಿಂದ ಎದುರು ಗೋಡೆಗೆ ಹತ್ತು ಹನ್ನೊಂದು ಅಡಿ ಸಿಕ್ಕರೆ ಅದೇ ಹೆಚ್ಚು. ಸೋಫಾದ ಬೆನ್ನು ಗೋಡೆಗೆ ತಾಗಿದ್ದರೂ ಕೂತವರ ಕಣ್ಣು ಗೋಡೆಯಿಂದ ಒಂದೂವರೆ ಅಡಿ ಮುಂದಿರುತ್ತದೆ. ಕೊನೆಗೆ ಉಳಿಯುವ ದೂರ ಒಂಬತ್ತು ಅಡಿಯ ಆಸುಪಾಸು. ಅಲ್ಲಿಂದ ಎಸ್‌ಡಿ ಚಿತ್ರ ನೋಡಲು 43 ಇಂಚೇ ತುಸು ಹೆಚ್ಚಾಯಿತು. ಅದೇ ಜಾಗದಲ್ಲಿ 65 ಇಂಚಿನ ಪರದೆ ತೂಗುಹಾಕಿ ಕೇಬಲ್ಲಿನ ಸುದ್ದಿ ಹಚ್ಚಿದರೆ ಎದುರಿಗೆ ಬರುವುದು ದೊಡ್ಡದಾದ ಮಬ್ಬು.

ಆ ಮಬ್ಬಿಗೂ ಕಾರಣವಿದೆ. ಎಸ್‌ಡಿ ಚಿತ್ರದಲ್ಲಿರುವುದು ಹೆಚ್ಚೆಂದರೆ 4.15 ಲಕ್ಷ ಚುಕ್ಕೆ. ಫೋರ್‌ಕೆ ಪರದೆಯಲ್ಲಿರುವುದು 83 ಲಕ್ಷ. ಅಂದರೆ ಬಂದ ಒಂದೊಂದು ಚುಕ್ಕೆಯಿಂದ ಇಪ್ಪತ್ತು ಚುಕ್ಕೆಗಳ ಜಾಗ ತುಂಬಿಸಬೇಕು. ಉಳಿದ ಹತ್ತೊಂಬತ್ತನ್ನು ಟಿವಿಯೊಳಗಿನ ಚಿಪ್ ಅಂದಾಜಿನಿಂದ ಸೃಷ್ಟಿಸುತ್ತದೆ. ಅದರ ಮೇಲೆ, ಒಂದೇ ಕೊಳವೆಯಲ್ಲಿ ನೂರಾರು ವಾಹಿನಿಗಳನ್ನು ಕಳಿಸಬೇಕಾದ ಕೇಬಲ್, ಡಿಟಿಎಚ್‌ನವರು ಚಿತ್ರವನ್ನು ಹಿಂಡಿ ಕಳಿಸಿರುತ್ತಾರೆ. ಕ್ರಿಕೆಟ್ಟಿನಲ್ಲಿ ಚೆಂಡು ಬೌಂಡರಿಯತ್ತ ಓಡುವಾಗ ಹುಲ್ಲು ಚೌಕಚೌಕವಾಗಿ ಒಡೆಯುವುದು, ಧಾರಾವಾಹಿಯ ಮದುವೆ ದೃಶ್ಯದಲ್ಲಿ ಸೀರೆಯ ಜರಿ ಕಲಸಿಹೋಗುವುದು, ಸುದ್ದಿಯ ಪಟ್ಟಿಯಲ್ಲಿ ಓಡುವ ಅಕ್ಷರಗಳ ಅಂಚಿನಲ್ಲಿ ಕಸ ಮೂಡುವುದು, ಎಲ್ಲವೂ ಇದರ ಫಲ. ಚಿಕ್ಕ ಪರದೆಯಲ್ಲಿ ಈ ಕೊರತೆ ಕಣ್ಣಿಗೆ ಬೀಳುತ್ತಿರಲಿಲ್ಲ. ಪರದೆ ದೊಡ್ಡದಾದಂತೆ ಕೊರತೆಯೂ ದೊಡ್ಡದಾಯಿತು.

ಇನ್ನೂ ಸಂಕಟದ ವಿಷಯವೊಂದಿದೆ. ಎಷ್ಟೋ ಮನೆಗಳಲ್ಲಿ ಹೊಸ ಫೋರ್‌ಕೆ ಟಿವಿಗೆ ಹತ್ತು ವರ್ಷದ ಹಳೆಯ ಎಸ್‌ಡಿ ಸೆಟ್‌ಟಾಪ್ ಬಾಕ್ಸನ್ನೇ, ಅದೇ ಹಳದಿ–ಬಿಳಿ–ಕೆಂಪು ಪಿನ್ನಿನ ವೈರಿನಲ್ಲಿ ಸಿಕ್ಕಿಸಿಟ್ಟಿರುತ್ತಾರೆ. ಚಿತ್ರ ಪರದೆ ತುಂಬಲೆಂದು ಹಳೆಯ 4:3 ಅಳತೆಯ ಕಾರ್ಯಕ್ರಮಗಳನ್ನೂ ಅಡ್ಡಕ್ಕೆ ಎಳೆದಿರುತ್ತಾರೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇರಲಿ, ರಾಜ್‌ಕುಮಾರರ ಕಪ್ಪುಬಿಳುಪು ಚಿತ್ರಗಳಿರಲಿ, ಹೀಗೆ ಎಳೆದಾಗ ಮುಖಗಳು ಊದಿಕೊಳ್ಳುತ್ತವೆ, ಆಳುಗಳು ಕುಳ್ಳಗಾಗುತ್ತಾರೆ. ಎರಡು ಬದಿ ಕಪ್ಪು ಪಟ್ಟಿ ಬಿಟ್ಟರೆ ದೊಡ್ಡ ಟಿವಿಗೆ ಕೊಟ್ಟ ದುಡ್ಡು ದಂಡವಾಯಿತೆಂಬ ಭಾವನೆ. ಆ ಕಲಾವಿದರು ಕಷ್ಟಪಟ್ಟು ಕಟ್ಟಿದ ಚೌಕಟ್ಟನ್ನು ನಮ್ಮ ಗೋಡೆಯ ಹೆಮ್ಮೆಗಾಗಿ ವಿಕಾರ ಮಾಡುವುದು ನನಗಂತೂ ಸಹಿಸಲಾಗದ ಸಂಗತಿ.

‘ಈಗ ಫೋರ್‌ಕೆ ಬಂದಿದೆ, ದೂರದ ಲೆಕ್ಕವೆಲ್ಲ ಹಳೆಯದು’ ಎಂದು ಎದುರು ಪಕ್ಷದವರು ಹೇಳುತ್ತಾರೆ. ಫೋರ್‌ಕೆ ಹತ್ತಿರ ಕೂರಲು ಅವಕಾಶ ಕೊಡುತ್ತದೆ, ನಿಜ. ಆದರೆ ಆ ಅವಕಾಶ ಫೋರ್‌ಕೆ ಚಿತ್ರಕ್ಕೆ ಮಾತ್ರ. ಪರದೆಯ ಮೇಲೆ ಫೋರ್‌ಕೆ ಎಂದು ಬರೆದಿದ್ದ ಮಾತ್ರಕ್ಕೆ ಒಳಗೆ ಬರುವ ಚಿತ್ರ ಫೋರ್‌ಕೆ ಆಗುವುದಿಲ್ಲ. ಒಟಿಟಿಯಲ್ಲಿ ಬರುತ್ತದಲ್ಲ ಎನ್ನುವವರು ತಮ್ಮ ಚಂದಾ ಯಾವುದೆಂದು ನೋಡಿಕೊಳ್ಳಲಿ. ಭಾರತದಲ್ಲಿ ನೆಟ್‌ಫ್ಲಿಕ್ಸಿನ ಬೇಸಿಕ್ ಯೋಜನೆ ಕೊಡುವುದು 720 ಗೆರೆಯ ಚಿತ್ರ. ಫೋರ್‌ಕೆ ಸಿಗುವುದು ಎಲ್ಲಕ್ಕಿಂತ ದುಬಾರಿಯ ಪ್ರೀಮಿಯಂ ಯೋಜನೆಗೆ, ಅದೂ ಸೆಕೆಂಡಿಗೆ 15 ಮೆಗಾಬಿಟ್ ವೇಗದ ಇಂಟರ್ನೆಟ್ ಇದ್ದರೆ. ಇನ್ನೊಂದು ಮಾತು. ಒಂಬತ್ತು ಅಡಿ ದೂರದಿಂದ 43 ಅಥವಾ 55 ಇಂಚಿನ ಪರದೆ ನೋಡುವವರಿಗೆ ಎಚ್‌ಡಿಗೂ ಫೋರ್‌ಕೆಗೂ ಇರುವ ಗೆರೆಗಳ ವ್ಯತ್ಯಾಸ ಕಣ್ಣಿಗೆ ನಿಲುಕುವುದೇ ಇಲ್ಲ. 55 ಇಂಚಿನ ಪರದೆಯಲ್ಲಿ ಆ ವ್ಯತ್ಯಾಸ ಕಾಣತೊಡಗುವುದು ಏಳು ಅಡಿಯ ಒಳಗೆ ಬಂದಾಗ.

‘ಮನೆಯಲ್ಲೇ ಥಿಯೇಟರ್’ ಎಂಬುದು ಅವರ ಎರಡನೇ ಅಸ್ತ್ರ. ಇದಕ್ಕೆ ಆಧಾರವಾಗಿ ಅವರು ತೋರಿಸುವುದು ಎರಡು ಅಂಕಿ. ಪರದೆ ನೋಡುಗರ ದೃಷ್ಟಿಯಲ್ಲಿ ಕನಿಷ್ಠ 30 ಡಿಗ್ರಿ ಆವರಿಸಬೇಕೆಂಬುದು ಅಮೆರಿಕದ ಚಲನಚಿತ್ರ ತಂತ್ರಜ್ಞರ ಸಂಘ ಎಸ್‌ಎಂಪಿಟಿಇ ಹೆಸರಿನಲ್ಲಿ ಓಡಾಡುವ ಸೂತ್ರ. 40 ಡಿಗ್ರಿ ಎಂಬುದು ಸಿನಿಮಾ ಮಂದಿರಗಳ ಗುಣಮಟ್ಟ ಪ್ರಮಾಣೀಕರಿಸುವ ಟಿಎಚ್‌ಎಕ್ಸ್‌ನವರದು. 30 ಡಿಗ್ರಿಯ ಪ್ರಕಾರ ಒಂಬತ್ತು ಅಡಿಗೆ 65 ಇಂಚು ಸರಿಯಾಗಿಯೇ ಹೊಂದುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಲೆಕ್ಕ ಹುಟ್ಟಿದ ಜಾಗ ಬೇರೆ, ಅಷ್ಟೇ. ಅದು ಕತ್ತಲ ಸಭಾಂಗಣಕ್ಕೆ, ಉತ್ತಮ ಗುಣಮಟ್ಟದ ಸಿನಿಮಾ ಪ್ರತಿಗೆ, ಟಿಕೆಟ್ ಕೊಂಡು ಎರಡೂವರೆ ಗಂಟೆ ಅದೊಂದನ್ನೇ ನೋಡಲು ಬಂದವರಿಗೆ ಮಾಡಿದ ಲೆಕ್ಕ. ನಮ್ಮ ಹಾಲಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಅಜ್ಜಿ ಧಾರಾವಾಹಿ ನೋಡುತ್ತಾ ಹುರುಳಿಕಾಯಿ ನಾರು ತೆಗೆಯುತ್ತಿರುತ್ತಾರೆ, ಮೂಲೆಯಲ್ಲಿ ಮಗು ಹೋಂವರ್ಕ್ ಬರೆಯುತ್ತಿರುತ್ತದೆ, ಬಂದವರು ಬಾಗಿಲ ಬಳಿಯ ಕುರ್ಚಿಯಲ್ಲಿ ಅಡ್ಡಕ್ಕೆ ಕೂತಿರುತ್ತಾರೆ. ಅಡ್ಡಕ್ಕೆ ಕೂತವರಿಗೆ ಅನೇಕ ಪ್ಯಾನೆಲ್‌ಗಳಲ್ಲಿ ಬಣ್ಣ ಪೇಲವವಾಗುತ್ತದೆ. ಪರದೆ ಎಷ್ಟು ದೊಡ್ಡದಾದರೂ ಆ ದೋಷ ಹೋಗುವುದಿಲ್ಲ. ವಾರಕ್ಕೊಂದು ಸಿನಿಮಾ ನೋಡುವ ಎರಡು ಗಂಟೆಗಾಗಿ, ದಿನಾ ನಾಲ್ಕು ಗಂಟೆ ಓಡುವ ವಾಹಿನಿಗಳ ಚಿತ್ರವನ್ನು ಕೆಡಿಸಿಕೊಳ್ಳುವುದು ಯಾವ ಜಾಣತನ?

ಹಾಗೆಂದು ಸಿನಿಮಾವನ್ನೇ ಮುಖ್ಯವಾಗಿ ನೋಡುವವರಿದ್ದಾರೆ. ಒಳ್ಳೆಯ ಎಚ್‌ಡಿ, ಫೋರ್‌ಕೆ ಚಿತ್ರಗಳನ್ನೇ ಆರಿಸಿ, ದೀಪ ಆರಿಸಿ, ನೇರ ಎದುರು ಕೂತು ನೋಡುವವರು. ಅವರು 65 ತರಲಿ, ಸಂತೋಷ. ಅವರ ಅಗತ್ಯವನ್ನು ಎಲ್ಲರ ನಿಯಮವಾಗಿ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಇಲ್ಲಿ ಯಾರೂ ಹೇಳದ ಒಂದು ದಾರಿಯಿದೆ, ಅದಕ್ಕೆ ಖರ್ಚೂ ಇಲ್ಲ. ಎಚ್‌ಡಿ ಚಿತ್ರ ನೋಡುವುದಾದರೆ ಸೋಫಾವನ್ನು ಮುಂದಕ್ಕೆ ಎಳೆಯಿರಿ. ಹತ್ತು ಅಡಿ ದೂರದಿಂದ ಏಳೂವರೆ ಅಡಿಗೆ ಬಂದರೆ 43 ಇಂಚಿನ ಪರದೆ ಕಣ್ಣಿಗೆ 57 ಇಂಚಿನಷ್ಟು ದೊಡ್ಡದಾಗಿ ಕಾಣುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಏಕೆಂದರೆ ಎಳೆದ ಸೋಫಾಕ್ಕೆ ಬಿಲ್ ಹಾಕಲಾಗದು. ಜನ ಟಿವಿಯಿಂದ ಎಷ್ಟು ದೂರ ಕೂರುತ್ತಾರೆಂದು ಗಮನಿಸಿದವರೂ ಇದ್ದಾರೆ. ಅಮೆರಿಕದ ಆರ್‌ಸಿಎ ಪ್ರಯೋಗಾಲಯದ ಬರ್ನಾರ್ಡ್ ಲೆಕ್ನರ್ ತಮ್ಮ ದೇಶದವರು ಟಿವಿಯಿಂದ ಸುಮಾರು ಒಂಬತ್ತು ಅಡಿ ದೂರ ಕೂರುತ್ತಾರೆಂದು ಕಂಡುಕೊಂಡರು. ಇಂಗ್ಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ರಿಚರ್ಡ್ ಜಾಕ್ಸನ್ ಕಂಡದ್ದು ಮೂರು ಮೀಟರ್. ಪರದೆ ಯಾವುದೇ ಇರಲಿ, ಕೂರುವ ದೂರವನ್ನು ನಿರ್ಧರಿಸುವುದು ಕೋಣೆಯ ಅಳತೆ ಮತ್ತು ಪೀಠೋಪಕರಣ ಎಂಬುದು ಇದರಿಂದ ತಿಳಿಯುವ ಸಂಗತಿ. ನಮ್ಮಲ್ಲೂ ಅಷ್ಟೇ. ಸೋಫಾ ಗೋಡೆಗೆ ಅಂಟಿಯೇ ಇರಬೇಕೆಂಬ ಕಟ್ಟಳೆಯನ್ನು ಮೀರದ ನಾವು, ಆ ಕಟ್ಟಳೆಯ ದಂಡವನ್ನು ಇಂಚಿನ ಲೆಕ್ಕದಲ್ಲಿ ಕಟ್ಟುತ್ತಿದ್ದೇವೆ.

ಹತ್ತಿರ ಕೂತರೆ ಕಣ್ಣು ಹಾಳು ಎಂಬ ಹೆದರಿಕೆಯೂ ಈ ದೊಡ್ಡ ಪರದೆಯ ಮೋಹಕ್ಕೆ ನೀರೆರೆದಿದೆ. ಅದಕ್ಕೂ ಒಂದು ಇತಿಹಾಸವಿದೆ. 1967ರಲ್ಲಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ಕಲರ್ ಟಿವಿಗಳಿಂದ ಮಿತಿ ಮೀರಿದ ಎಕ್ಸ್‌ ಕಿರಣ ಸೋರುತ್ತಿರುವುದು ಬಯಲಾಯಿತು. ಮರುವರ್ಷವೇ ಅಲ್ಲಿ ವಿಕಿರಣ ನಿಯಂತ್ರಣಕ್ಕೆ ಕಾಯ್ದೆ ಬಂತು. ಅದು ಪಿಕ್ಚರ್ ಟ್ಯೂಬಿನ ಕಾಲ. ಇಂದಿನ ಎಲ್‌ಇಡಿ ಪರದೆಯಲ್ಲಿ ಆ ಟ್ಯೂಬೂ ಇಲ್ಲ, ಆ ಕಿರಣವೂ ಇಲ್ಲ. ಆರು ಅಡಿ ದೂರದಲ್ಲಿ ಕೂತು 43 ಇಂಚಿನ ಎಚ್‌ಡಿ ಚಿತ್ರ ನೋಡಿದರೆ ಕಣ್ಣಿಗೆ ಅಪಾಯವಿಲ್ಲ. ಕಣ್ಣು ದಣಿಯುವುದು ರೆಪ್ಪೆ ಮಿಟುಕಿಸದೆ ಗಂಟೆಗಟ್ಟಲೆ ನೋಡುವುದರಿಂದ, ಪೂರ್ತಿ ಕತ್ತಲಲ್ಲಿ ಝಗಮಗ ಬೆಳಕು ಹೊಡೆಯುವುದರಿಂದ. ಮಗು ಟಿವಿಗೆ ಮೂತಿ ಒತ್ತಿ ಕೂರುತ್ತಿದ್ದರೆ ಅದಕ್ಕೆ ದೂರದ್ದು ಕಾಣುತ್ತಿಲ್ಲದಿರಬಹುದು. ಹಾಗಿರುವಾಗ ಮಾಡಬೇಕಾದದ್ದು ಕಣ್ಣಿನ ಪರೀಕ್ಷೆ.

ವಯಸ್ಸಾದವರ ಹೆಸರಿನಲ್ಲಿ ಬರುವ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ‘ಅಪ್ಪನಿಗೆ ಅಕ್ಷರ ಕಾಣುವುದಿಲ್ಲ, ಅದಕ್ಕೇ ದೊಡ್ಡದು’ ಎಂದು ಮಕ್ಕಳು ಹೇಳುವುದು ಪ್ರೀತಿಯಿಂದ. ದೊಡ್ಡ ಅಕ್ಷರ ಓದಲು ಸುಲಭವೆಂಬುದೂ ನಿಜ. ಆದರೆ ಅಪ್ಪ ನೋಡುವುದು ಎಸ್‌ಡಿ ಸುದ್ದಿ ವಾಹಿನಿಯಾದರೆ, ದೊಡ್ಡ ಪರದೆಯಲ್ಲಿ ಅಕ್ಷರದ ಜೊತೆ ಮಬ್ಬೂ ಬೆಳೆದಿರುತ್ತದೆ. ಅವರಿಗೆ ಒಂದು ಒಳ್ಳೆಯ ಕುರ್ಚಿಯನ್ನು ಆರು ಅಡಿಯಲ್ಲಿ ಹಾಕಿ ಕೊಡಿ, ಬಾಕ್ಸನ್ನು ಎಚ್‌ಡಿಗೆ ಬದಲಿಸಿ. ಪೊರೆ ಬಂದಿದೆಯೇ ಎಂದು ಒಮ್ಮೆ ತೋರಿಸಿ. ಪೊರೆ ಬಂದ ಕಣ್ಣಿಗೆ ಯಾವ ಇಂಚೂ ಚಿಕಿತ್ಸೆಯಲ್ಲ.

ದೊಡ್ಡ ಪರದೆ ಬಂದ ಮೇಲೆ ಅದನ್ನು ತೂಗುಹಾಕುವ ಎತ್ತರವೂ ಹದ ತಪ್ಪುತ್ತದೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ, ಚಾಪೆಯ ಮೇಲೆ ಕೂತವರದು ಎರಡೂವರೆ ಅಡಿ. ಪರದೆಯ ನಡುಭಾಗ ಅಲ್ಲಿರಬೇಕು. ಕೆಳಗೆ ಶೋಕೇಸು, ಡ್ರಾಯರು, ಮೇಲೆ ಗೊಂಬೆಗಳ ಸಾಲು ಎಂದು ಮಾಡಿಸಿದ ಟಿವಿ ಯೂನಿಟ್ಟಿನಲ್ಲಿ ಎರಡೂಮುಕ್ಕಾಲು ಅಡಿ ಎತ್ತರದ ಪರದೆ ಕೂರಬೇಕಾದರೆ ಅದು ಮೇಲಕ್ಕೇ ಹೋಗುತ್ತದೆ. ಆಮೇಲೆ ಮನೆಯವರೆಲ್ಲ ಕತ್ತೆತ್ತಿಯೇ ನೋಡಬೇಕು.

ಇನ್ನು ದುಡ್ಡಿನ ಮಾತು. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಕೂಡಲೇ ಕಾಣುವ ಗುಣ ಒಂದೇ, ಅಳತೆ. ಅಲ್ಲಿ ಛಾವಣಿ ಎತ್ತರ, ನಾವು ನಿಂತಿರುವುದು ಹದಿನೈದು ಅಡಿ ದೂರದಲ್ಲಿ, ಪಕ್ಕದಲ್ಲಿ 85 ಇಂಚಿನದು ಉರಿಯುತ್ತಿರುತ್ತದೆ. ಅಲ್ಲಿ 55 ಚಿಕ್ಕದೆನಿಸದೆ ಇನ್ನೇನು? ತೋರಿಸುವುದೂ ಕಂಪನಿಯೇ ಆರಿಸಿ ಕೊಟ್ಟ ಫೋರ್‌ಕೆ ಹೂವು, ಹಕ್ಕಿ, ಜಲಪಾತ. ನಾವು ಮನೆಯಲ್ಲಿ ನೋಡುವ ವಾಹಿನಿಯನ್ನು ಹಚ್ಚಿ ತೋರಿಸುವುದಿಲ್ಲ. ಅಳತೆಯೇ ಮಾರಾಟವಾಗುವಾಗ ಅಗ್ಗದ ದೊಡ್ಡ ಟಿವಿಗಳಲ್ಲಿ ಕತ್ತರಿ ಬೀಳುವುದು ಕಾಣದ ಗುಣಗಳಿಗೆ: ಪರದೆಯ ಬೆಳಕು, ಕಪ್ಪು ಬಣ್ಣದ ಗಾಢತೆ, ಬಣ್ಣದ ನಿಖರತೆ, ಧ್ವನಿ. ಹಗಲಿನಲ್ಲಿ ಕಿಟಕಿ ತೆರೆದಿಟ್ಟ ಹಾಲಿನಲ್ಲಿ ಮಂಕು ಬೆಳಕಿನ 65 ಇಂಚು ಕನ್ನಡಿಯಂತೆ ಎದುರು ಕಿಟಕಿಯನ್ನೇ ತೋರಿಸುತ್ತದೆ. ಅದೇ ಬೆಲೆಗೆ ಸಿಗುವ ಒಳ್ಳೆಯ ಪ್ಯಾನೆಲ್ಲಿನ 50 ಇಂಚು ಹಗಲೂ ರಾತ್ರಿಯೂ ಚೆನ್ನಾಗಿ ಕಾಣುತ್ತದೆ.

‘ಅಭ್ಯಾಸವಾಗುತ್ತದೆ’ ಎಂಬುದು ಕೊನೆಯ ಮಾತು. ಆಗುತ್ತದೆ, ಖಂಡಿತ. ಮನುಷ್ಯರಿಗೆ ಕೆಟ್ಟದ್ದೂ ಅಭ್ಯಾಸವಾಗುತ್ತದೆ. ಆದರೆ ಅಭ್ಯಾಸವಾಯಿತೆಂದು ಮಬ್ಬು ಚಿತ್ರ ಸ್ಪಷ್ಟವಾಗುವುದಿಲ್ಲ. ದೊಡ್ಡದು ತಂದು ಬೇಜಾರಾದವರು ಯಾರೂ ಇಲ್ಲ ಎನ್ನುವುದನ್ನೂ ನಾನು ನಂಬುವುದಿಲ್ಲ. ಅಷ್ಟು ದುಡ್ಡು ಕೊಟ್ಟು, ಗೋಡೆ ಕೊರೆದು, ನೆಂಟರಿಗೆಲ್ಲ ತೋರಿಸಿದ ಮೇಲೆ ‘ತಪ್ಪಾಯಿತು’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಆ ಮೌನವನ್ನು ತೃಪ್ತಿಯೆಂದು ಎಣಿಸಬಾರದು. ‘ಹತ್ತು ವರ್ಷಕ್ಕೆಂದು ತರುತ್ತಿದ್ದೇವೆ, ಮುಂದೆ ಎಲ್ಲ ಫೋರ್‌ಕೆ ಆಗುತ್ತದೆ’ ಎನ್ನುವವರಿಗೂ ಉತ್ತರವಿದೆ. ದೊಡ್ಡ ಪರದೆ ವರ್ಷ ವರ್ಷ ಅಗ್ಗವಾಗುತ್ತಿದೆ ಎಂದು ಹೇಳುವವರು ನೀವೇ. ಹಾಗಿದ್ದರೆ ಮುಂದಿನ ಪರದೆಯನ್ನು ಮುಂದೆಯೇ ಕೊಳ್ಳುವುದು ಲಾಭ.

ಆದ್ದರಿಂದ ಟಿವಿ ನೋಡಲು ಹೋಗುವ ಮೊದಲು ಮನೆಯಲ್ಲೇ ಎರಡು ಕೆಲಸ ಮಾಡಿ. ಟೇಪು ಹಿಡಿದು, ದಿನಾ ಕೂರುವ ಜಾಗದಲ್ಲಿ ಕೂತವರ ಕಣ್ಣಿನಿಂದ ಪರದೆ ಬರುವ ಜಾಗಕ್ಕೆ ಅಳೆಯಿರಿ. ಒಂದು ವಾರ ಮನೆಯವರು ಏನೇನು ನೋಡುತ್ತಾರೆ, ಅದರಲ್ಲಿ ಎಸ್‌ಡಿ ಎಷ್ಟು, ಎಚ್‌ಡಿ ಎಷ್ಟು ಎಂದು ಗಮನಿಸಿ. ಒಂಬತ್ತು ಅಡಿಯ ಹಾಲಿನಲ್ಲಿ ಎಸ್‌ಡಿ ವಾಹಿನಿಗಳೇ ಹೆಚ್ಚಾದರೆ 43 ಸಾಕು. ಎಚ್‌ಡಿ ವಾಹಿನಿ, ಕ್ರಿಕೆಟ್, ಒಟಿಟಿ ಬೆರೆತಿದ್ದರೆ 50 ಅಥವಾ 55. ಸಿನಿಮಾವೇ ಮುಖ್ಯವಾದರೆ 65. ಇಂಚಿಗೆ ದುಡ್ಡು ಸುರಿಯುವ ಮೊದಲು ಎಚ್‌ಡಿ ಬಾಕ್ಸಿಗೂ ಎಚ್‌ಡಿ ಪ್ಯಾಕಿಗೂ ಕೊಡಿ. ಇರುವ ಟಿವಿಯೇ ಹೊಸದಾಗಿ ಕಾಣುವ ಸಂಭವ ಹೆಚ್ಚು.

ಅಂಗಡಿಯವರಿಗೂ ಕಂಪನಿಗಳಿಗೂ ನನ್ನದೊಂದು ಒತ್ತಾಯವಿದೆ. ಸೆಂಟಿಮೀಟರ್ ಅಚ್ಚು ಹಾಕುವ ಪೆಟ್ಟಿಗೆಯ ಮೇಲೆಯೇ, ಎಸ್‌ಡಿ, ಎಚ್‌ಡಿ, ಫೋರ್‌ಕೆ ಮೂರಕ್ಕೂ ಎಷ್ಟೆಷ್ಟು ಅಡಿ ದೂರ ಬೇಕೆಂದು ಕನ್ನಡದಲ್ಲಿ ಅಚ್ಚು ಹಾಕಿ. ಅಂಗಡಿಯಲ್ಲಿ ಪ್ರತಿ ಟಿವಿಯ ಎದುರು ಒಂಬತ್ತು ಅಡಿಗೆ ಒಂದು ಕುರ್ಚಿ ಹಾಕಿ, ಗಿರಾಕಿ ಕೇಳಿದ ಎಸ್‌ಡಿ ವಾಹಿನಿಯನ್ನು ಹಚ್ಚಿ ತೋರಿಸಿ. ಅಷ್ಟು ಮಾಡಿಯೂ ಅವರು ದೊಡ್ಡದನ್ನೇ ಆರಿಸಿದರೆ ಅದು ಅವರ ಆಯ್ಕೆ, ನಾನು ಮಾತಾಡುವುದಿಲ್ಲ. ಅಲ್ಲಿಯವರೆಗೆ ‘ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂಬುದನ್ನು ಸಲಹೆ ಎಂದು ಕರೆಯಲು ನಾನು ಸಿದ್ಧನಿಲ್ಲ.